ಆರನೇ ಬೆರಳು ಕೆಲಸಕ್ಕೆ ಬರುತ್ತಾ?

ಹುಟ್ಟುವಾಗಲೇ ಹೆಚ್ಚುವರಿ ಕೈ, ಕಾಲು ಅಥವಾ ಬೆರಳು ಇದ್ದರೆ ಅದನ್ನು ಬಳಸೋಕಾಗುತ್ತಾ? ಉತ್ತರ ಅಂಗಗಳ ಲೆಕ್ಕದಲ್ಲಿಲ್ಲ. ಆ ಅಂಗಕ್ಕೆ ಸ್ವಂತ ಸ್ನಾಯು, ನರ, ಕೀಲು ಇವೆಯಾ, ಮಿದುಳಿನ ಮಾತು ಅಲ್ಲಿಗೆ ತಲುಪುತ್ತಾ ಅನ್ನೋದೇ ಮುಖ್ಯ.

ಸಂಪರ್ಕ ಇಲ್ಲದಿದ್ದರೆ

2007ರ ನವೆಂಬರ್‌ನಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಬಿಹಾರದ ಎರಡು ವರ್ಷದ ಹೆಣ್ಣುಮಗುವಿಗೆ ಸುಮಾರು 27 ಗಂಟೆಗಳ ಶಸ್ತ್ರಚಿಕಿತ್ಸೆ ನಡೆಯಿತು. ಮಗುವಿಗೆ ನಾಲ್ಕು ಕೈ, ನಾಲ್ಕು ಕಾಲು. ಊರವರು ದೇವಿಯ ಅವತಾರ ಅಂತ ಪೂಜಿಸಿದ್ದರು. ನಿಜದಲ್ಲಿ ಆ ಹೆಚ್ಚುವರಿ ಕೈಕಾಲುಗಳು ಪೂರ್ತಿ ಬೆಳೆಯದ, ತಲೆಯೇ ಇಲ್ಲದ ಅವಳಿಯವು. ಸೊಂಟದ ಬಳಿ ಎರಡು ದೇಹ ಕೂಡಿಕೊಂಡಿದ್ದವು. ಮಗುವಿಗೆ ನಿಲ್ಲೋಕೂ ಆಗ್ತಿರಲಿಲ್ಲ. ಅಲ್ಲಿ ಪೂಜೆಗಿಂತ ಚಿಕಿತ್ಸೆಯೇ ಬೇಕಿತ್ತು.

ಸಂಪರ್ಕ ಇದ್ದರೆ

2019ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ್ದು ಇನ್ನೊಂದೇ ಕಥೆ. ಫ್ರೈಬರ್ಗ್, ಲಂಡನ್, ಲೊಸಾನ್‌ನ ಸಂಶೋಧಕರು ಆರು ಬೆರಳಿನ ಒಬ್ಬ ತಾಯಿ ಮತ್ತು ಮಗನನ್ನು ಪರೀಕ್ಷಿಸಿದರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇದ್ದ ಆ ಬೆರಳಿಗೆ ಸ್ವಂತ ಸ್ನಾಯು, ನರಗಳಿದ್ದವು. ಮಿದುಳಿನಲ್ಲಿ ಅದಕ್ಕೆ ಪ್ರತ್ಯೇಕ ಜಾಗವೂ ಇತ್ತು. ಅವರು ಒಂದೇ ಕೈಯಲ್ಲಿ ಶೂ ಲೇಸ್ ಕಟ್ಟುತ್ತಿದ್ದರು. ನಾವು ಎರಡು ಕೈ ಬಳಸಿ ಆಡಬೇಕಾದ ವಿಡಿಯೊ ಗೇಮನ್ನೂ ಒಂದೇ ಕೈಯಲ್ಲಿ ಆಡಿದರು. ಪರೀಕ್ಷೆಗೆ ಒಳಗಾದವರು ಇಬ್ಬರೇ ಆದ್ದರಿಂದ ಎಲ್ಲ ಆರು ಬೆರಳಿನವರೂ ಹೀಗೇ ಅನ್ನೋ ಹಾಗಿಲ್ಲ. ಆದರೆ ಹೆಚ್ಚುವರಿ ಬೆರಳನ್ನು ನಡೆಸೋದು ಮಿದುಳಿಗೆ ಸಾಧ್ಯ ಅನ್ನೋದಂತೂ ಸಾಬೀತಾಯ್ತು.

ಅಡ್ಡಿ ದೇಹದ್ದೋ, ಶೂನದ್ದೋ?

ಪಶ್ಚಿಮ ಬಂಗಾಳದ ಸ್ವಪ್ನಾ ಬರ್ಮನ್‌ಗೆ ಎರಡೂ ಪಾದಗಳಲ್ಲಿ ಆರಾರು ಬೆರಳು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಹೆಪ್ಟಥ್ಲಾನ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದವರು ಅವರೇ. ಮಾಮೂಲಿ ಶೂ ಹಾಕಿಕೊಂಡರೆ ಕಾಲು ನೋಯುತ್ತಿತ್ತು, ತಮ್ಮ ಪಾದಕ್ಕೆ ಹೊಂದುವ ಶೂ ಬೇಕು ಅಂತ ಅವರು ಕೇಳಬೇಕಾಯಿತು. ಶೂ, ಗ್ಲೌಸ್ ಎಲ್ಲವೂ ಐದು ಬೆರಳಿನ ಲೆಕ್ಕದಲ್ಲೇ ತಯಾರಾಗುತ್ತವೆ. ಆ ಲೆಕ್ಕಕ್ಕೆ ಸಿಗದ ದೇಹವನ್ನೇ ನಾವು ‘ದೋಷ’ ಅಂತೀವಿ.

ಮೂಳೆಯಿಲ್ಲದೆ ಬರೀ ಚರ್ಮಕ್ಕೆ ಜೋತುಬಿದ್ದ ಬೆರಳನ್ನು ತೆಗೆಯೋದು ಸರಿಯೇ. ಆದರೆ ಅಲುಗಾಡುವ, ಹಿಡಿಯುವ ಬೆರಳನ್ನು ನೋಡೋಕೆ ಚೆನ್ನಾಗಿಲ್ಲ, ನಾಳೆ ಜನ ಏನಂತಾರೋ ಅಂತ ಕತ್ತರಿಸೋದು ಬೇರೆ ಮಾತು. ಅದೃಷ್ಟ ಅನ್ನೋರೂ ಅಪಶಕುನ ಅನ್ನೋರೂ ಕೇಳದ ಪ್ರಶ್ನೆ ಒಂದಿದೆ: ಇದು ಕೆಲಸ ಮಾಡುತ್ತಾ? ಕತ್ತರಿ ಎತ್ತೋ ಮೊದಲು ಅದನ್ನು ಕೇಳಬೇಕು.