ಸಂದೇಹವನ್ನು ಬಲ್ಲ ವಿಶ್ವಾಸ: ಮೌಲ್‌ಬ್ರಾನ್‌ನಿಂದ ತಲಶ್ಶೇರಿಯವರೆಗೆ

ಮಂಗಳೂರಿನಿಂದ ಹೊರಟು, ಕಾಸರಗೋಡನ್ನು ಹಾದು, ಚಂದ್ರಗಿರಿ ಹೊಳೆಯನ್ನು ದಾಟಿ ತಲಶ್ಶೇರಿಗೆ ಹೋಗುವ ದಾರಿ ನಮ್ಮ ಗಡಿನಾಡಿನವರಿಗೆ ಹೊಸದಲ್ಲ. 19ನೆಯ ಶತಮಾನದ ಮಧ್ಯಭಾಗದಲ್ಲಿ ಈ ದಾರಿಯ ಎರಡು ತುದಿಗಳಲ್ಲಿ ಇಬ್ಬರು ಗೆಳೆಯರು ಕೆಲಸ ಮಾಡುತ್ತಿದ್ದರು. ಉತ್ತರದ ತುದಿಯಲ್ಲಿದ್ದವರು ಹರ್ಮನ್ ಮೋಗ್ಲಿಂಗ್. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ಮೊದಲಿಟ್ಟವರು. ದಕ್ಷಿಣದ ತುದಿಯಲ್ಲಿದ್ದವರು ಹರ್ಮನ್ ಗುಂಡರ್ಟ್. 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಮಲಯಾಳಂ–ಇಂಗ್ಲಿಷ್ ನಿಘಂಟಿನ ಕರ್ತೃ. ಮೋಗ್ಲಿಂಗರು 1881ರಲ್ಲಿ ತೀರಿಕೊಂಡ ಬಳಿಕ ಅವರ ಜೀವನಚರಿತ್ರೆಯನ್ನು ಬರೆದವರೂ ಗುಂಡರ್ಟರೇ. ಇವರ ಭಾಷಾಸೇವೆಯನ್ನು ನಾವು ಆಗಾಗ ಸ್ಮರಿಸುತ್ತೇವೆ. ಆದರೆ ಹಡಗು ಹತ್ತುವ ಮೊದಲು ಇಂಥವರ ಮನಸ್ಸು ಯಾವ ಪರೀಕ್ಷೆಗಳನ್ನು ಎದುರಿಸಿತ್ತು ಎಂದು ಕೇಳಿದವರು ಕಡಿಮೆ. ಗುಂಡರ್ಟರ ಮಟ್ಟಿಗೆ ಆ ಪ್ರಶ್ನೆಯನ್ನು ಕೇಳಿದರೆ ಅಪರೂಪದ ಕಥೆಯೊಂದು ತೆರೆದುಕೊಳ್ಳುತ್ತದೆ.

ಗುಂಡರ್ಟರು ಹುಟ್ಟಿದ್ದು 1814ರಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ. ಮನೆಯ ವಾತಾವರಣ ಭಕ್ತಿಯದು. ತಂದೆ ಬೈಬಲ್ ಸಂಘದ ಕಾರ್ಯದರ್ಶಿಯಾಗಿದ್ದವರು. ಆ ಸೀಮೆಯ ಜಾಣ ಹುಡುಗರನ್ನು ಪಾದ್ರಿವೃತ್ತಿಗೆ ಸಿದ್ಧಗೊಳಿಸುತ್ತಿದ್ದ ಕ್ರಮದಂತೆ ಅವರನ್ನು ಮೌಲ್‌ಬ್ರಾನ್‌ನ ಹಳೆಯ ಮಠದ ಶಾಲೆಗೆ ಸೇರಿಸಲಾಯಿತು. ಅಲ್ಲಿ 1831ರಲ್ಲಿ ಕೆಲವು ತಿಂಗಳು ಪಾಠ ಹೇಳಲು ಬಂದ ತರುಣ ಉಪಾಧ್ಯಾಯರ ಹೆಸರು ಡೇವಿಡ್ ಫ್ರೀಡ್ರಿಕ್ ಸ್ಟ್ರೌಸ್. ಅವರಿಗೆ ಆಗ ಇಪ್ಪತ್ತಮೂರರ ಪ್ರಾಯ. ಮುಂದೆ ಗುಂಡರ್ಟರು ಟ್ಯೂಬಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋದಾಗ ಸ್ಟ್ರೌಸರೂ ಅಲ್ಲಿಗೆ ಬಂದರು. ಕೆಪ್ಲರ್, ಹೆಗೆಲ್, ಹೋಲ್ಡರ್ಲಿನ್ ಮೊದಲಾದವರು ವಾಸಿಸಿ ಓದಿದ ವಿದ್ಯಾರ್ಥಿನಿಲಯವೇ ಈಗ ಗುರುಶಿಷ್ಯರಿಬ್ಬರ ನೆಲೆಯಾಯಿತು.

1835ರಲ್ಲಿ ಸ್ಟ್ರೌಸರು ಯೇಸುವಿನ ಜೀವನವನ್ನು ಕುರಿತ ತಮ್ಮ ಗ್ರಂಥದ ಮೊದಲ ಸಂಪುಟವನ್ನು ಪ್ರಕಟಿಸಿದರು. ಯುರೋಪಿನ ಕ್ರೈಸ್ತಲೋಕ ಅದರಿಂದ ತಲ್ಲಣಿಸಿತು. ಆವರೆಗೆ ಸುವಾರ್ತೆಗಳ ಪವಾಡಕಥೆಗಳನ್ನು ಎರಡು ಬಗೆಯಲ್ಲಿ ಓದುತ್ತಿದ್ದರು. ಬರೆದದ್ದೆಲ್ಲ ಬರೆದಂತೆಯೇ ನಡೆಯಿತೆಂಬುದು ಸಂಪ್ರದಾಯಸ್ಥರ ನಿಲುವು. ನಡೆದದ್ದು ನಿಜ, ಆದರೆ ಅದಕ್ಕೆ ಸಹಜವಾದ ಕಾರಣವಿತ್ತೆಂಬುದು ವಿಚಾರವಾದಿಗಳ ನಿಲುವು. ಯೇಸು ನೀರಿನ ಮೇಲೆ ನಡೆಯಲಿಲ್ಲ, ದಡದಲ್ಲಿ ನಡೆದದ್ದು ದೋಣಿಯಲ್ಲಿದ್ದವರಿಗೆ ಹಾಗೆ ಕಂಡಿತು ಎಂದು ವಿವರಿಸಿದ ಪಂಡಿತರೂ ಇದ್ದರು. ಸ್ಟ್ರೌಸರು ಎರಡನ್ನೂ ಒಪ್ಪಲಿಲ್ಲ. ಮೆಸ್ಸೀಯನಿಗಾಗಿ ಕಾದಿದ್ದ ಒಂದು ಸಮುದಾಯ ತನ್ನ ನಿರೀಕ್ಷೆಯನ್ನೂ ಹಳೆಯ ಶಾಸ್ತ್ರದ ನೆನಪುಗಳನ್ನೂ ಸೇರಿಸಿ, ತನಗೇ ಅರಿವಿಲ್ಲದಂತೆ ಹೆಣೆದ ಪುರಾಣಗಳಿವು ಎಂದರು. ಅವರ ಮಾತಿನಲ್ಲಿ ಪುರಾಣವೆಂದರೆ ಮೋಸವೂ ಅಲ್ಲ, ಸುಳ್ಳೂ ಅಲ್ಲ. ಒಂದು ಜನಾಂಗ ತನ್ನ ಸತ್ಯವನ್ನು ಕಥೆಯಾಗಿ ಹೇಳಿಕೊಳ್ಳುವ ಬಗೆ.

ಈ ಗ್ರಂಥಕ್ಕಾಗಿ ಸ್ಟ್ರೌಸರು ತೆತ್ತ ಬೆಲೆ ದೊಡ್ಡದು. ಅದೇ ವರ್ಷ ಟ್ಯೂಬಿಂಗೆನ್ನಿನ ಹುದ್ದೆ ಹೋಯಿತು. 1839ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆದಾಗ ಜನರು ದಂಗೆಯೆದ್ದರು. ಒಂದು ಪಾಠವನ್ನೂ ಹೇಳುವ ಮೊದಲೇ ನಿವೃತ್ತಿವೇತನ ಕೊಟ್ಟು ಅವರನ್ನು ದೂರವಿಟ್ಟರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ಊರಿನ ಸರಕಾರವೇ ಉರುಳಿತು.

ಇಂಥ ಗುರುವಿನ ಬಳಿ ಕುಳಿತ ಶಿಷ್ಯನ ಪಾಡೇನು? ತರುಣ ಗುಂಡರ್ಟರು ಸ್ಟ್ರೌಸರಿಗೆ ಮಾರುಹೋಗಿದ್ದರು. ಹೆಗೆಲನ ತತ್ತ್ವಜ್ಞಾನ ಅವರನ್ನು ಸೆಳೆದಿತ್ತು. ಮನೆಯಲ್ಲಿ ಕಲಿತ ವಿಶ್ವಾಸ ಅಲುಗಾಡಿತ್ತು. ವಿದ್ಯಾರ್ಥಿದೆಸೆಯಲ್ಲಿಯೇ ಅವರು ಆಂತರಿಕ ಸಂಘರ್ಷವೊಂದನ್ನು ಅನುಭವಿಸಿ, ಮತ್ತೆ ತಮ್ಮ ಹಿರಿಯರ ಭಕ್ತಿಮಾರ್ಗಕ್ಕೆ ಮರಳಿದರು. 1835ರಲ್ಲಿ, ಅಂದರೆ ಗುರುವಿನ ಗ್ರಂಥ ಹೊರಬಂದ ವರ್ಷವೇ, ಡಾಕ್ಟರ್ ಪದವಿ ಪಡೆದರು. ಮರುವರ್ಷ ಭಾರತಕ್ಕೆ ಬಂದರು. 1838ರಲ್ಲಿ ಮಂಗಳೂರಿಗೆ ಬಂದು ಬಾಸೆಲ್ ಮಿಷನ್ ಸೇರಿ, 1839ರಲ್ಲಿ ತಲಶ್ಶೇರಿಯ ಇಲ್ಲಿಕ್ಕುನ್ನಿನಲ್ಲಿ ನೆಲೆಸಿದರು. 1857ರಲ್ಲಿ ಮಲಬಾರ್ ಮತ್ತು ಕೆನರಾ ಪ್ರದೇಶಗಳ ಶಾಲೆಗಳ ತನಿಖಾಧಿಕಾರಿಯಾದರು. ಕಾಸರಗೋಡು ಸೀಮೆ ಆಗ ಕೆನರಾಕ್ಕೆ ಸೇರಿತ್ತು. ಹಾಗಾಗಿ ನಮ್ಮ ನೆಲದ ವಿದ್ಯಾಭ್ಯಾಸದ ಇತಿಹಾಸದಲ್ಲಿಯೂ ಅವರಿಗೆ ಸ್ಥಾನವಿದೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಸಂದೇಹವನ್ನೇ ಕಾಣದ ವಿಶ್ವಾಸ ಬೇರೆ, ಸಂದೇಹವನ್ನು ಕಂಡು ಬಂದ ವಿಶ್ವಾಸ ಬೇರೆ. ಗುಂಡರ್ಟರದು ಎರಡನೆಯದು. ಅವರು ಸ್ಟ್ರೌಸರ ತೀರ್ಮಾನವನ್ನು ತೊರೆದರು. ಆದರೆ ಆ ಪರಿಸರದಲ್ಲಿ ಕಲಿತ ಓದುವ ಶಿಸ್ತನ್ನು ತೊರೆಯಲಿಲ್ಲವೆಂದು ನನಗೆ ತೋರುತ್ತದೆ. ಪಾಠಾಂತರಗಳನ್ನು ಎದುರುಬದುರು ಇಟ್ಟು ನೋಡುವುದು, ಒಂದು ಪದ ಎಲ್ಲಿಂದ ಬಂತು, ಯಾವ ಜನ ಅದನ್ನು ಹೇಗೆ ಬಳಸುತ್ತಾರೆ ಎಂದು ಕೇಳುವುದು, ಕೇಳಿದ್ದನ್ನು ಬರೆದಿಟ್ಟು ಮತ್ತೆ ತೂಗುವುದು, ಇವೆಲ್ಲ ನಿಘಂಟುಕಾರನಿಗೆ ಬೇಕಾದ ಗುಣಗಳು. ಬೈಬಲನ್ನು ಮಲಯಾಳಕ್ಕೆ ತರುವವನಿಗೂ ಇವೇ ಬೇಕು. ಪ್ರತಿಯೊಂದು ಪದದ ಮುಂದೆಯೂ ನಿಂತು ‘ಇದು ಹೌದೇ?’ ಎಂದು ಶಂಕಿಸದವನು ಒಳ್ಳೆಯ ಅನುವಾದಕನಾಗಲಾರ.

ಮಂಗಳೂರಿನಲ್ಲಿದ್ದ ಮೋಗ್ಲಿಂಗರೂ ಟ್ಯೂಬಿಂಗೆನ್ನಿನಲ್ಲಿಯೇ ಓದಿದವರು. ಕ್ರಿಸ್ತನನ್ನು ಸಾರುವುದೇ ತಮ್ಮ ಕರ್ತವ್ಯವೆಂದು ನಂಬಿದ್ದ ಅವರು ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿದರು. ಈ ಕೆಲಸವನ್ನು ಮೆಚ್ಚಿ 1858ರಲ್ಲಿ ಟ್ಯೂಬಿಂಗೆನ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ತಮ್ಮ ನಂಬಿಕೆಯನ್ನು ಬಿಡದೆಯೇ ಪರರ ಭಕ್ತಿಯ ಮಾತನ್ನು ಇದ್ದಂತೆ ಕೇಳಬೇಕೆಂಬ ಎಚ್ಚರ ಆ ಮುದ್ರಣಗಳಲ್ಲಿದೆ.

ಹೊಗಳಿಕೆಯಷ್ಟನ್ನೇ ಬರೆದರೆ ಇತಿಹಾಸಕ್ಕೆ ಅನ್ಯಾಯವಾದೀತು. ಮಿಷನರಿಗಳ ಪ್ರಚಾರದ ಕಿರುಹೊತ್ತಗೆಗಳು ನಮ್ಮ ಪುರಾಣಗಳನ್ನು ತರ್ಕದ ಒರೆಗಲ್ಲಿಗೆ ಹಚ್ಚಿದವು. ಪರಸ್ಪರ ವಿರೋಧಗಳನ್ನು ಎತ್ತಿ ತೋರಿಸಿದವು, ದೇವತೆಗಳ ನಡತೆಯನ್ನು ಪ್ರಶ್ನಿಸಿದವು. ಆದರೆ ಅದೇ ಒರೆಗಲ್ಲಿಗೆ ಸ್ಟ್ರೌಸರು ಸುವಾರ್ತೆಗಳನ್ನು ಹಚ್ಚಿದ್ದರೆಂಬ ಸಂಗತಿಯನ್ನು ಇಲ್ಲಿಯ ಓದುಗರಿಗೆ ಅವು ಹೇಳಲು ಹೋಗಲಿಲ್ಲ. ಪರರ ಮನೆಯ ದೀಪವನ್ನು ಪರೀಕ್ಷಿಸುವವನು ತನ್ನ ಮನೆಯ ದೀಪವನ್ನೂ ಅದೇ ಕಣ್ಣಿನಿಂದ ನೋಡಬೇಕು. ಈ ಮಾತು ಅವರಿಗೆ ಮಾತ್ರವಲ್ಲ, ಯಾವ ಮತದವರಾದರೂ ನಮಗೆಲ್ಲರಿಗೂ ಅನ್ವಯಿಸುತ್ತದೆ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಆರೋಗ್ಯ ಕೆಟ್ಟು 1859ರಲ್ಲಿ ಜರ್ಮನಿಗೆ ಮರಳಿದ ಗುಂಡರ್ಟರು ಕಾಲ್ವ್ ಎಂಬ ಸಣ್ಣ ಊರಿನಲ್ಲಿ ಧಾರ್ಮಿಕ ಪ್ರಕಾಶನ ಸಂಸ್ಥೆಯೊಂದನ್ನು ನಡೆಸಿದರು. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ್ದ ಅವರ ಮಗಳು ಮರೀ, ಬಾಸೆಲ್ ಮಿಷನ್ನಿನ ಪರವಾಗಿ ಭಾರತದಲ್ಲಿ ಕೆಲಸ ಮಾಡಿದ್ದ ಜೊಹಾನ್ಸ್ ಹೆಸ್ಸೆಯವರನ್ನು ಮದುವೆಯಾದರು. 1877ರಲ್ಲಿ ಅವರಿಗೆ ಹುಟ್ಟಿದ ಮಗನಿಗೆ ತಾತನ ಹೆಸರನ್ನೇ ಇಟ್ಟರು. ‘ಸಿದ್ಧಾರ್ಥ’ ಕಾದಂಬರಿಯಿಂದ ನಮ್ಮವರಿಗೂ ಪರಿಚಿತನಾದ, 1946ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಹರ್ಮನ್ ಹೆಸ್ಸೆ ಈತನೇ.

ಈ ಹುಡುಗನನ್ನೂ ಪಾದ್ರಿಯಾಗಲೆಂದು ಕಳುಹಿಸಿದ್ದು ಅದೇ ಮೌಲ್‌ಬ್ರಾನ್ ಶಾಲೆಗೆ. 1892ರ ಮಾರ್ಚ್ ತಿಂಗಳಲ್ಲಿ, ಹದಿನಾಲ್ಕರ ಪ್ರಾಯದಲ್ಲಿ, ಅವನು ಅಲ್ಲಿಂದ ಓಡಿಹೋದ. ಮರುದಿನ ಅವನನ್ನು ಹಿಡಿದು ತಂದರು. ಮನೆಯವರಿಗೆ ಅದು ಸಿಡಿಲೆರಗಿದಂತಾಯಿತು. ಮಗನಿಗೆ ದೆವ್ವ ಹಿಡಿಯಿತೋ, ಬುದ್ಧಿ ಕೆಟ್ಟಿತೋ ಎಂಬ ಕಳವಳ. ಮುಂದೆ ಅವನು ಆತ್ಮಹತ್ಯೆಗೆ ಪ್ರಯತ್ನಿಸಿದ, ಚಿಕಿತ್ಸಾಲಯ ಸೇರಿದ, ಅಲ್ಲಿಂದ ತಂದೆತಾಯಿಗೆ ಕೋಪದ ಪತ್ರಗಳನ್ನು ಬರೆದ. ಹಿರಿಯರ ವಿಶ್ವಾಸ ಅವನಿಗೆ ಉಸಿರು ಕಟ್ಟಿಸುವ ಕೋಣೆಯಾಗಿತ್ತು.

ಶಾಲೆಯಿಂದ ಓಡಿಹೋದ ಆ ಪ್ರಕರಣದ ಬಳಿಕ ತಾತನ ಮುಂದೆ ನಿಲ್ಲಬೇಕಾಗಿ ಬಂದ ಘಳಿಗೆಯನ್ನು ಹೆಸ್ಸೆಯವರು ತಮ್ಮ ವೃದ್ಧಾಪ್ಯದಲ್ಲಿ ನೆನೆದು ಬರೆದಿದ್ದಾರೆ. ಎಪ್ಪತ್ತೆಂಟರ ಆ ಹಿರಿಯರೆದುರು ಹುಡುಗ ನಡುಗುತ್ತ ನಿಂತ; ದಂಡನೆಯನ್ನೇ ನಿರೀಕ್ಷಿಸಿದ್ದ. ತಾತ ಗದರಲಿಲ್ಲ, ಉಪದೇಶಕ್ಕೂ ತೊಡಗಲಿಲ್ಲ. ಹಾಗೆ ತಪ್ಪಿಸಿಕೊಂಡು ಅಲೆಯುವುದಕ್ಕೆ ತಮ್ಮ ವಿದ್ಯಾರ್ಥಿಕಾಲದ ಹುಡುಗರು ಬಳಸುತ್ತಿದ್ದ ತಮಾಷೆಯ ಹೆಸರೊಂದನ್ನು ಹೇಳಿ, ಅಂಥದೊಂದು ಪುಟ್ಟ ಯಾತ್ರೆ ಮಾಡಿ ಬಂದೆಯಂತೆ ಎಂದು ಕೇಳಿದರು, ಅಷ್ಟೇ.

ಆ ಒಂದು ಪದದಲ್ಲಿ ಅರವತ್ತು ವರ್ಷಗಳ ಹಿಂದಿನ ಟ್ಯೂಬಿಂಗೆನ್ ಇತ್ತು. ಸ್ಟ್ರೌಸರ ಶಿಷ್ಯನಾಗಿ ತಾನೂ ದಾರಿ ತಪ್ಪಿ ಅಲೆದವನೆಂಬ ನೆನಪು ತಾತನಿಗೆ ಇದ್ದಿರಬೇಕು. ಗುಂಡರ್ಟರು ಮರುವರ್ಷ ಏಪ್ರಿಲಿನಲ್ಲಿ ತೀರಿಕೊಂಡರು. ಮೊಮ್ಮಗ ಅವರ ಮತಕ್ಕೆ ಮರಳಲಿಲ್ಲ; ತನ್ನದೇ ದಾರಿಯಲ್ಲಿ ದೇವರನ್ನು ಅರಸುತ್ತ ಹೋದ. ಆದರೆ ತಾತನನ್ನು ಅವನು ಕೊನೆಯವರೆಗೂ ಪ್ರೀತಿಯಿಂದ ನೆನೆದ.

ಗಡಿನಾಡಿನ ಕನ್ನಡಿಗರಾದ ನಾವು ಮಕ್ಕಳಿಗೆ ಭಾಷೆಯನ್ನು ದಾಟಿಸುವ ಚಿಂತೆಯಲ್ಲಿದ್ದೇವೆ. ಭಾಷೆಯೊಡನೆ ದೇವರನ್ನೂ ಆಚಾರವನ್ನೂ ಹಿರಿಯರ ನಂಬಿಕೆಗಳನ್ನೂ ದಾಟಿಸಲು ಬಯಸುತ್ತೇವೆ. ಒಂದು ದಿನ ಮಗನೋ ಮೊಮ್ಮಗಳೋ ನಮ್ಮೆದುರು ನಿಂತು ಇದೆಲ್ಲ ನಿಜವೇ ಎಂದು ಕೇಳುವುದು ಖಂಡಿತ. ಆಗ ನಮ್ಮ ಬಾಯಿಂದ ಯಾವ ಮಾತು ಬರುತ್ತದೆ? ನಿಘಂಟಿಗೆ ಸಾವಿರಾರು ಪದಗಳನ್ನು ಕೂಡಿಸಿದ ಹಿರಿಯರೊಬ್ಬರು ಅಂಥ ಘಳಿಗೆಯಲ್ಲಿ ಆರಿಸಿಕೊಂಡದ್ದು ಹುಡುಗನನ್ನು ಹತ್ತಿರಕ್ಕೆ ಕರೆದ ಒಂದೇ ಒಂದು ಪದವನ್ನು.