ದೂರದರ್ಶನದ ಅಭ್ಯುದಯವೂ ದೇಶಭಾಷೆಗಳೂ

ಭಾರತದ ರಾಷ್ಟ್ರೀಯ ದೃಶ್ಯಪ್ರಸಾರ ಸಂಸ್ಥೆಯಾದ ದೂರದರ್ಶನದ ಅಭ್ಯುದಯವು 1982ನೆಯ ಇಸವಿಯ ಏಷ್ಯಾ ಕ್ರೀಡೆಗಳಿಂದ ಮೊದಲಾಯಿತೆಂಬುದು ರೂಢಿಯಾದ ಮತ. ಆ ವರ್ಷದ ಆಗಸ್ಟ್ 15ರಂದು ಬಣ್ಣದ ಪ್ರಸಾರವೂ ದೇಶಕ್ಕೆಲ್ಲ ಒಂದೇ ಆದ ರಾಷ್ಟ್ರೀಯ ಕಾರ್ಯಕ್ರಮವೂ ಆರಂಭವಾದುವು. ನವೆಂಬರ್ 19ರಿಂದ ದಿಲ್ಲಿಯಲ್ಲಿ ಕ್ರೀಡೆಗಳು ನಡೆದುವು. ಆ ಬಳಿಕ ಕೆಲವೇ ವರ್ಷಗಳಲ್ಲಿ ಸಂಸ್ಥೆಯ ಕೀರ್ತಿಯು ದೇಶವನ್ನೆಲ್ಲ ವ್ಯಾಪಿಸಿತು. ಆದರೆ ಪೂರ್ವಾಪರವಾಗಿ ನಡೆದ ಮಾತ್ರಕ್ಕೆ ಎರಡು ಸಂಗತಿಗಳಿಗೆ ಕಾರ್ಯಕಾರಣಸಂಬಂಧವನ್ನು ಕಲ್ಪಿಸುವುದು ಕಾಕತಾಲೀಯನ್ಯಾಯವಾದೀತು. ಆದುದರಿಂದ ಈ ಮತವನ್ನು ಪರೀಕ್ಷಿಸುವುದು ಅವಶ್ಯವಾಗಿದೆ.

ಮೊದಲು ಹೆಸರಿನ ವಿಚಾರ. ಆಂಗ್ಲಪದದ ಪೂರ್ವಾರ್ಧವು ಗ್ರೀಕು, ಉತ್ತರಾರ್ಧವು ಲ್ಯಾಟಿನು. ಅದಕ್ಕೆ ಸಮನಾಗಿ ಕಲ್ಪಿತವಾದ ‘ದೂರದರ್ಶನ’ವಾದರೋ ಶುದ್ಧ ಸಂಸ್ಕೃತಸಮಾಸ. ಅಮರಸಿಂಹನು ‘ದೂರದರ್ಶೀ’ ಎಂಬುದನ್ನು ವಿದ್ವಾಂಸನ ಪರ್ಯಾಯಗಳಲ್ಲಿ ಎಣಿಸಿದ್ದಾನೆ. ಈಗ ಯಂತ್ರವನ್ನು ಕೊಂಡವರೆಲ್ಲರೂ ದೂರದರ್ಶಿಗಳೇ! ಇದರ ಅಗ್ರಜೆಯಾದ ಆಕಾಶವಾಣಿಯ ಹೆಸರು ಮೈಸೂರಿನದು. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಸ್ಥಾಪಿಸಿದ ಬಾನುಲಿ ನಿಲಯಕ್ಕೆ ಸಂದ ಹೆಸರೇ ಮುಂದೆ ಅಖಿಲ ಭಾರತ ಸಂಸ್ಥೆಗೆ ಸಂದಿತು.

1959ನೆಯ ಸೆಪ್ಟೆಂಬರ್ 15ರಂದು ರಾಷ್ಟ್ರಪತಿ ರಾಜೇಂದ್ರಪ್ರಸಾದರು ದಿಲ್ಲಿಯಲ್ಲಿ ಉದ್ಘಾಟಿಸಿದ ನಿಲಯವು ಅತ್ಯಲ್ಪವಾದುದು. ಯುನೆಸ್ಕೋದ ನೆರವು, ವಾರಕ್ಕೆ ಎರಡು ದಿನದ ಪ್ರಸಾರ, ದಿಲ್ಲಿಯ ಸುತ್ತಮುತ್ತಲ ಕೆಲವು ಪ್ರೇಕ್ಷಕಮಂಡಲಿಗಳು—ಇಷ್ಟೇ ಅದರ ಐಶ್ವರ್ಯ. 1961ರಲ್ಲಿ ಶಾಲಾಪಾಠಗಳು ಸೇರಿದುವು. 1965ರಲ್ಲಿ ನಿತ್ಯಪ್ರಸಾರ ಬಂದಿತು. 1967ರ ಜನವರಿ 26ರಂದು ರೈತರಿಗಾಗಿ ‘ಕೃಷಿ ದರ್ಶನ’ವು ಆರಂಭವಾಯಿತು. ಮುಂಬಯಿಗೆ ಕೇಂದ್ರವು ದೊರೆತುದು 1972ರಲ್ಲಿ. ಅಷ್ಟರವರೆಗೆ ಇದು ರಾಷ್ಟ್ರೀಯವೆನ್ನುವುದಕ್ಕಿಂತ ರಾಜಧಾನೀಯವೆಂದರೆ ಒಪ್ಪುತ್ತದೆ.

ಈ ಸ್ಥಿತಿಯಲ್ಲಿ ಮುಂದಿನದನ್ನು ಕಂಡವರು ವಿಕ್ರಮ ಸಾರಾಭಾಯಿಯವರು. ನಗರದಿಂದ ಹಳ್ಳಿಗೆ ಮೆಲ್ಲನೆ ಹರಡುವ ಬದಲು ಅಂತರಿಕ್ಷದ ಉಪಗ್ರಹದಿಂದ ನೇರವಾಗಿ ಹಳ್ಳಿಗೇ ಚಿತ್ರವನ್ನಿಳಿಸಬೇಕೆಂಬುದು ಅವರ ಪಕ್ಷ. 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. ಫಲವನ್ನು ಕಾಣುವ ಮೊದಲೇ, 1971ರಲ್ಲಿ, ಅವರು ತೀರಿಕೊಂಡರು. 1975ರ ಆಗಸ್ಟ್ 1ರಿಂದ ಒಂದು ವರ್ಷದ ಕಾಲ ಆರು ರಾಜ್ಯಗಳ ಸುಮಾರು 2400 ಗ್ರಾಮಗಳಲ್ಲಿ ಈ ಪ್ರಯೋಗವು ನಡೆಯಿತು. ಕರ್ಣಾಟಕದ ಪಾಲಿಗೆ ಬಂದವು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ತಂತಿಬಲೆಯ ದೊಡ್ಡ ಬೋಗುಣಿಯಂಥ ಗ್ರಾಹಕವನ್ನು ನೆಟ್ಟು, ಊರಿಗೊಂದು ಪೆಟ್ಟಿಗೆಯನ್ನಿರಿಸಿ, ಬೇಸಾಯ, ಆರೋಗ್ಯ, ಕುಟುಂಬಯೋಜನೆಗಳ ಪಾಠವನ್ನು ಹೇಳಿದರು. ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದುಂಟು. ಆ ಹಳ್ಳಿಗಳ ಮೇಲೆ ಇಳಿದುದು ಹಿಂದಿಯೊಂದೇ ಅಲ್ಲ. ಕನ್ನಡ, ತೆಲುಗು, ಒಡಿಯಾ ಭಾಷೆಗಳಿಗೂ ಸ್ಥಾನವಿತ್ತು. ಬೆಂಗಳೂರಿಗೆ ದೂರದರ್ಶನ ಕೇಂದ್ರವು ಬಂದುದು 1981ರ ನವೆಂಬರ್ 1ರಂದು. ಹೈದರಾಬಾದ್ ಕರ್ಣಾಟಕದ ಬಯಲುಹಳ್ಳಿಗಳು ಅದಕ್ಕೆ ಆರು ವರ್ಷ ಮೊದಲೇ ಕನ್ನಡದ ದೃಶ್ಯವಾಣಿಯನ್ನು ಕೇಳಿದ್ದುವು. ರಾಜಧಾನಿಗಿಂತ ಹಿಂದುಳಿದ ಸೀಮೆಯು ಮುಂದಾದ ಇಂಥ ಉದಾಹರಣೆಗಳು ನಮ್ಮ ಚರಿತ್ರೆಯಲ್ಲಿ ವಿರಳ. ವರ್ಷವು ತುಂಬಿದೊಡನೆ, 1976ರ ಜುಲೈ 31ರಂದು, ಪ್ರಯೋಗವು ಮುಗಿದು, ಉಪಗ್ರಹವನ್ನು ಅದರ ಒಡೆಯರು ಮರಳಿ ಕೊಂಡೊಯ್ದರು.

ಅದೇ 1976ರ ಜನವರಿಯಲ್ಲಿ ಜಾಹೀರಾತುಗಳು ಪ್ರವೇಶಿಸಿದುವು. ಏಪ್ರಿಲ್ 1ರಂದು ದೂರದರ್ಶನವು ಆಕಾಶವಾಣಿಯಿಂದ ಬೇರೆಯಾಯಿತು. ಹೀಗೆ ಶಿಕ್ಷಣವೇ ಪರಮಪ್ರಯೋಜನವೆಂದು ಹುಟ್ಟಿದ ಸಂಸ್ಥೆಗೆ ಅರ್ಥಾರ್ಜನೆಯೆಂಬ ಎರಡನೆಯ ಪುರುಷಾರ್ಥವು ಒದಗಿತು.

ಇನ್ನು 1982ರ ವಿಚಾರ. ಬಣ್ಣದ ಯಂತ್ರವು ಆಗ ಸಿರಿವಂತರ ಮನೆಯ ವಸ್ತು. ಏಪ್ರಿಲ್ ತಿಂಗಳಲ್ಲಿ ಹಾರಿಸಿದ ಇನ್‌ಸ್ಯಾಟ್-1ಎ ಉಪಗ್ರಹವು ಕ್ರೀಡೆಗಳಿಗೆ ಎರಡು ತಿಂಗಳು ಮೊದಲೇ, ಸೆಪ್ಟೆಂಬರಿನಲ್ಲಿ, ನಿರುಪಯೋಗವಾಗಿತ್ತು. ನಿಜವಾದ ವ್ಯಾಪ್ತಿಯು ಬಂದುದು 1983ರ ಆಗಸ್ಟಿನಲ್ಲಿ ಹಾರಿದ ಇನ್‌ಸ್ಯಾಟ್-1ಬಿ ಉಪಗ್ರಹದಿಂದ ಮತ್ತು ಅದರ ಚಿತ್ರಗಳನ್ನು ಹಿಡಿದು ಊರಿಗೆ ಹಂಚುವ 100 ವಾಟ್‌ನ ಚಿಕ್ಕ ಪ್ರೇಷಕಗಳಿಂದ. 1984ರಲ್ಲಿ ಸುಮಾರು ನಾಲ್ಕು ತಿಂಗಳ ಕಾಲ ಸರಾಸರಿ ದಿನಕ್ಕೊಂದರಂತೆ ಪ್ರೇಷಕಗಳು ಎದ್ದುವು. ಕ್ರೀಡೆಗಳು ಕುತೂಹಲವನ್ನು ಕೆರಳಿಸಿದುವು. ಅದನ್ನು ತಣಿಸಿದವು ಈ ಚಿಕ್ಕ ಗೋಪುರಗಳು.

ಆದರೆ ಯಂತ್ರವು ಪಾತ್ರೆ ಮಾತ್ರ. ಜನರು ಬಂದುದು ಪಾಯಸಕ್ಕಾಗಿ. 1984ರ ಜುಲೈ 7ರಂದು ಆರಂಭವಾದ ‘ಹಮ್ ಲೋಗ್’ ಮೆಕ್ಸಿಕೋ ದೇಶದ ಮಾದರಿಯಲ್ಲಿ ಜನಹಿತೋಪದೇಶಕ್ಕಾಗಿ ಯೋಜಿತವಾದುದು. ಮನೋಹರ ಶ್ಯಾಮ ಜೋಶಿಯವರ ಲೇಖನಿಯಲ್ಲಿ ಉಪದೇಶವು ಹಿಂದೆ ಸರಿದು ಬಡಕುಟುಂಬದ ಸುಖದುಃಖಗಳು ಮುಂದೆ ಬಂದುವು. 1987ರ ಜನವರಿ 25ರಿಂದ ರಮಾನಂದ ಸಾಗರರ ‘ರಾಮಾಯಣ’, 1988ರ ಅಕ್ಟೋಬರ್ 2ರಿಂದ ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ ಬಂದಾಗ ಭಾನುವಾರದ ಬೆಳಗ್ಗೆ ಬೀದಿಗಳು ಬರಿದಾದುದು ಪ್ರಸಿದ್ಧವೇ ಇದೆ. ‘ಮಹಾಭಾರತ’ದ ಸಂಭಾಷಣೆಗಳನ್ನು ಬರೆದವರು ಉರ್ದು-ಹಿಂದಿಗಳ ಲೇಖಕರಾದ ರಾಹಿ ಮಾಸೂಮ್ ರಜಾ ಅವರು. ‘ಪಿತಾಶ್ರೀ’ಯಂಥ ಸಂಬೋಧನೆಗಳಿಗೆ ವೈಯಾಕರಣರು ಹುಬ್ಬುಗಂಟಿಕ್ಕಿಯಾರು, ಪ್ರೇಕ್ಷಕರ ಕಿವಿಗೆ ಮಾತ್ರ ಅದು ಗಂಭೀರವಾಗಿಯೇ ಕೇಳಿತು. ಕಥಾಶ್ರವಣದ ಪುರಾತನಾಭ್ಯಾಸವು ಹೊಸ ಮಂಟಪವನ್ನು ಪಡೆದುದೇ ಅಭ್ಯುದಯದ ಮುಖ್ಯಕಾರಣವೆಂದು ಹೇಳಬೇಕಾಗುತ್ತದೆ.

ಈ ಅಭ್ಯುದಯಕ್ಕೆ ಬೆಲೆಯನ್ನು ತೆತ್ತವರಾರು? ರಾತ್ರಿಯ ಮುಖ್ಯ ವೇಳೆಯು ದಿಲ್ಲಿಗೆ ಸಂದಿತು. ಅಲ್ಲಿ ಹಿಂದಿ, ಆಂಗ್ಲ ಭಾಷೆಗಳಿಗೆ ಪ್ರಾಧಾನ್ಯ. ಹಿಂದಿನ ಪ್ರಯೋಗದಲ್ಲಿ ದೇಶಭಾಷೆಗಳಿಗೆ ದೊರೆತಿದ್ದ ಸ್ಥಾನವು ಸಂಕುಚಿತವಾಯಿತು. ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ಇದಕ್ಕೆ ಮನೋಹರವೂ ವಿಚಿತ್ರವೂ ಆದ ನಿದರ್ಶನ: ಮೈಸೂರಿನಲ್ಲಿ ನೆಲಸಿದ್ದ ಆರ್. ಕೆ. ನಾರಾಯಣರ ಕಥೆಗಳು, ಆಗುಂಬೆಯ ಬೀದಿ, ಕನ್ನಡದ ನಟರು—ನುಡಿ ಮಾತ್ರ ಹಿಂದಿ. ಕನ್ನಡನಾಡು ದೇಶಕ್ಕೆಲ್ಲ ಕಂಡಿತು, ಕನ್ನಡವು ಕೇಳಲಿಲ್ಲ. ಏಕರಾಷ್ಟ್ರಭಾವಕ್ಕೆ ಇದು ಅನಿವಾರ್ಯವಾಗಿತ್ತೆಂಬ ಸಮಾಧಾನವನ್ನು ಕೆಲವರು ಹೇಳುವುದುಂಟು. ಆದರೆ ನಾಲ್ಕು ಭಾಷೆಗಳ ಪ್ರಯೋಗವು ಅದಕ್ಕೆ ಮೊದಲೇ ಸಾಧ್ಯವಾಗಿದ್ದಿತಾದುದರಿಂದ ಆ ಸಮಾಧಾನವು ನಿಲ್ಲುವುದಿಲ್ಲ.

1991ರ ಬಳಿಕ ತಂತಿಯ ಮೂಲಕ ಖಾಸಗಿ ವಾಹಿನಿಗಳು ಬಂದಾಗ ಈ ದೌರ್ಬಲ್ಯವೇ ಪ್ರತ್ಯಕ್ಷವಾಯಿತು. ಪ್ರೇಕ್ಷಕರು ತಮ್ಮ ತಮ್ಮ ನುಡಿಯ ವಾಹಿನಿಗಳಿಗೆ ಹರಿದುಹೋದರು. ದೂರದರ್ಶನದ ಕನ್ನಡ ವಾಹಿನಿಯು, ಮುಂದೆ ‘ಚಂದನ’ವೆಂದು ಹೆಸರಾದುದು, ಆ ದಶಕದಲ್ಲಿಯೇ ನೆಲೆಗೊಂಡಿತು. ಅಲ್ಲಿ 2002ರಲ್ಲಿ ಮೊದಲಾದ ‘ಥಟ್ ಅಂತ ಹೇಳಿ’ ಎಂಬ ಪ್ರಶ್ನೋತ್ತರವು ಗೆದ್ದವರಿಗೆ ಪುಸ್ತಕಗಳನ್ನೇ ಬಹುಮಾನವಾಗಿ ಕೊಟ್ಟು ಸಾವಿರಾರು ಕಂತುಗಳನ್ನು ಕಂಡಿದೆ. 2020ರ ಮಾರ್ಚ್ 28ರಿಂದ, ದೇಶವೆಲ್ಲ ಸಾಂಕ್ರಾಮಿಕಭಯದಿಂದ ಮನೆಯೊಳಗಿದ್ದಾಗ, ಹಳೆಯ ‘ರಾಮಾಯಣ’ವು ಪುನಃ ಪ್ರಸಾರವಾಗಿ ದೂರದರ್ಶನವನ್ನು ಪ್ರೇಕ್ಷಕಗಣನೆಯಲ್ಲಿ ಅಗ್ರಸ್ಥಾನಕ್ಕೆ ಏರಿಸಿತು. ಅದೇ ವರ್ಷ ಶಾಲೆಗಳು ಮುಚ್ಚಿದ್ದಾಗ ಕರ್ಣಾಟಕದ ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಚಂದನದಲ್ಲಿ ಪಾಠಗಳು ಪ್ರಸಾರವಾದುವು. 1961ರಲ್ಲಿ ದಿಲ್ಲಿಯ ಶಾಲೆಗಳಿಗೆ ಆರಂಭವಾದ ಪಾಠಕ್ರಮವು ಹೀಗೆ ಕನ್ನಡದ ಮಕ್ಕಳನ್ನು ಅವರ ಮನೆಯಲ್ಲಿಯೇ ಮುಟ್ಟಿತು.