ನೀಲಿ ದ್ರಾಕ್ಷಿಯ ಚಪ್ಪರದಿಂದ ಗಾಜಿನ ಬಟ್ಟಲಿನವರೆಗೆ

ಹೋದ ಭಾನುವಾರ ಬೆಳಗಿನ ಕಾಫಿ ಮುಗಿಸಿ ಪತ್ರಿಕೆ ಬಿಡಿಸುವ ಹೊತ್ತಿಗೆ, ಯಲಹಂಕ ಉಪನಗರದ ನಮ್ಮ ಮನೆಯ ಗೇಟು ಸದ್ದಾಯಿತು. ಬಂದವನು ನನ್ನ ಹಳೆಯ ವಿದ್ಯಾರ್ಥಿ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರನ್ನು ಮಾತ್ರ ಬರೆಯುವುದಿಲ್ಲ. ತಲೆ ಪೂರ್ತಿ ನರೆತಿದೆ, ಇನ್ನೊಂದೆರಡು ವರ್ಷಕ್ಕೆ ಅವನೂ ನಿವೃತ್ತ. ಆದರೂ ನನ್ನೆದುರು ಕುರ್ಚಿಯ ತುದಿಯಲ್ಲೇ ಕುಳಿತುಕೊಳ್ಳುತ್ತಾನೆ.

ಕುಶಲಪ್ರಶ್ನೆ ಮುಗಿದ ಮೇಲೆ ಜೇಬಿನಿಂದ ಒಂದು ಚೀಟಿ ತೆಗೆದ. “ಸಾರ್, ನಗಬೇಡಿ. ನನ್ನ ಮಗ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ್ನಲ್ಲ, ಈಗ ನಂದಿ ಬೆಟ್ಟದ ಕೆಳಗೆ ಒಂದು ವೈನ್ ತೋಟದಲ್ಲಿ ಕೆಲಸಕ್ಕೆ ಸೇರ್ಕೊಂಡಿದಾನೆ. ಬಂದೋರಿಗೆ ವೈನ್ ಬಗ್ಗೆ ವಿವರಿಸಿ ಬಡಿಸೋ ಕೆಲಸ. ಬರೋ ಭಾನುವಾರ ನನ್ನನ್ನೂ ಊಟಕ್ಕೆ ಕರೆದಿದಾನೆ. ನನಗೆ ಅದರ ತಲೆ ಬುಡ ಗೊತ್ತಿಲ್ಲ. ಅವನನ್ನ ಕೇಳೋಕೆ ಮನಸ್ಸು ಒಪ್ಪಲ್ಲ. ನಿಮ್ಮನ್ನ ಕೇಳೋಣ ಅಂತ ಬಂದೆ.”

ಚೀಟಿಯಲ್ಲಿ ಮೂರು ಪ್ರಶ್ನೆಗಳಿದ್ದವು. ವೈನೂ ಸಾರಾಯಿಯೂ ಒಂದೇ ಅಲ್ಲವೇ? ಆ ಬಟ್ಟಲು, ಆ ತಣ್ಣಗಿಡುವುದು, ಆ ಮೂಸಿ ನೋಡುವುದು, ಇವೆಲ್ಲ ಏಕೆ? ಮಿತ ಎಂದರೆ ಎಷ್ಟು? ನಾಲ್ಕನೆಯದೊಂದು ಪ್ರಶ್ನೆಯೂ ಇತ್ತು, ಅದು ಚೀಟಿಯಲ್ಲಿರಲಿಲ್ಲ.

ಜೀವಮಾನವಿಡೀ ಚರಿತ್ರೆ ಪಾಠ ಹೇಳಿದ ಈ ಮೇಷ್ಟರಿಗೆ ಇಂಥ ಪ್ರಶ್ನೆಗಳೇ ಎಂದು ನೀವು ಹುಬ್ಬೇರಿಸಬಹುದು. ನಾನು ಕುಡಿಯುವವನಲ್ಲ. ಆದರೆ ದ್ರಾಕ್ಷಿ ನನಗೆ ಪರಕೀಯವಲ್ಲ. ಯಲಹಂಕದ ಉತ್ತರಕ್ಕಿರುವ ನಮ್ಮ ಹಳ್ಳಿಯಲ್ಲಿ ಸೋದರಮಾವನಿಗೆ ಒಂದೂವರೆ ಎಕರೆ ದ್ರಾಕ್ಷಿ ತೋಟವಿತ್ತು. ಕಲ್ಲುಕಂಬಗಳ ಮೇಲೆ ತಂತಿ ಎಳೆದು ಹಬ್ಬಿಸಿದ ಚಪ್ಪರ. ಅದರಡಿ ಮಟಮಟ ಮಧ್ಯಾಹ್ನದಲ್ಲೂ ತಂಪು. ವರ್ಷಕ್ಕೆ ಎರಡು ಫಸಲು. ಕಪ್ಪು ನೇರಳೆ ಬಣ್ಣದ ದುಂಡು ಹಣ್ಣು; ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ತಿರುಳು ಬಾಯಿಗೆ ಜಾರುತ್ತಿತ್ತು. ಒಳಗೆ ಬೀಜ, ಕೊನೆಯಲ್ಲಿ ಒಂದಿಷ್ಟು ಹುಳಿ. ಇದೇ ಬೆಂಗಳೂರು ಬ್ಲೂ.

ಹೆಸರು ನಮ್ಮೂರಿನದಾದರೂ ಹುಟ್ಟು ಅಮೆರಿಕದ್ದು. ಅಲ್ಲಿನ ಕಾಡುದ್ರಾಕ್ಷಿಯೂ ಯೂರೋಪಿನ ದ್ರಾಕ್ಷಿಯೂ ಕೂಡಿ ಹುಟ್ಟಿದ ಇಸಬೆಲ್ಲಾ ಎಂಬ ತಳಿಯೇ ಇದು. ಬೂಷ್ಟು ರೋಗಗಳನ್ನು ತಡೆದುಕೊಳ್ಳುವ ಗಟ್ಟಿತನದಿಂದಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಲೋಕವೆಲ್ಲ ಹಬ್ಬಿತು. ಬೆಂಗಳೂರಿನ ಸುತ್ತಮುತ್ತ ಸುಮಾರು ಒಂದೂವರೆ ಶತಮಾನದಿಂದ ಬೇರೂರಿದೆ. ಇಟಲಿಯವರು ಇದನ್ನು ಅದರ ಪರಿಮಳಕ್ಕಾಗಿ ಸ್ಟ್ರಾಬೆರಿ ದ್ರಾಕ್ಷಿ ಎನ್ನುತ್ತಾರೆ. ಫ್ರಾನ್ಸ್ ದೇಶದವರಿಗೆ ಆ ಪರಿಮಳವೇ ಹಿಡಿಸಲಿಲ್ಲ. 1930ರ ದಶಕದಲ್ಲಿ ಈ ಹಣ್ಣಿನ ವೈನನ್ನು ಮಾರುವುದನ್ನೇ ಕಾನೂನಿನಿಂದ ನಿಷೇಧಿಸಿದರು. ಅಲ್ಲಿ ಹೊರಹಾಕಿಸಿಕೊಂಡ ಹಣ್ಣಿಗೆ ಇಲ್ಲಿ 2013ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಗೋವೆಯ ಸಿಹಿಯಾದ ಪೋರ್ಟ್ ವೈನುಗಳಿಗೆ ನಮ್ಮ ಈ ಹಣ್ಣೇ ಬಹುಕಾಲದಿಂದ ಮೂಲದ್ರವ್ಯ.

ಇನ್ನೊಂದು ಸಂಗತಿ ನಿಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ನಾವು ಸೊಪ್ಪು ತರಕಾರಿ ತರುವ ಹಾಪ್‌ಕಾಮ್ಸ್ ಸಂಸ್ಥೆ 1959ರಲ್ಲಿ ಆರಂಭವಾದದ್ದು ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ತೋಟಗಾರಿಕೆಯ ಹಿರಿಯ ಎಂ. ಎಚ್. ಮರಿಗೌಡರು ಅದರ ಹಿಂದಿನ ಶಕ್ತಿ. ನಂತರ 1967ರಲ್ಲಿ ಸ್ಥಾಪನೆಯಾದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಂಗಳೂರು ಬ್ಲೂ ತಳಿಯನ್ನು ಬೇರೆ ತಳಿಗಳೊಡನೆ ಕೂಡಿಸಿ ಅರ್ಕಾ ಶ್ಯಾಮ್, ಅರ್ಕಾ ಹಂಸ, ಅರ್ಕಾ ತೃಷ್ಣಾ ಮೊದಲಾದ ಸಂಕರಗಳನ್ನು ಪಡೆದರು. ಅವುಗಳಲ್ಲಿ ಕೆಲವು ವೈನಿಗಾಗಿಯೇ ಹೇಳಿಮಾಡಿಸಿದವು.

ಇಷ್ಟು ಪೀಠಿಕೆಯಾದ ಮೇಲೆ ಅವನ ಪ್ರಶ್ನೆಗಳಿಗೆ ಬಂದೆ.

ಮೊದಲನೆಯದು: ವೈನೂ ಸಾರಾಯಿಯೂ ಒಂದೆಯೇ? ಎರಡರಲ್ಲೂ ಅಮಲು ತರುವ ವಸ್ತು ಒಂದೇ, ಎಥನಾಲ್. ಅದನ್ನು ಮುಚ್ಚಿಡಬಾರದು. ಭೇದವಿರುವುದು ವಿಧಾನದಲ್ಲಿ, ಸಾಂದ್ರತೆಯಲ್ಲಿ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿ ತಿಂದು ಮದ್ಯಸಾರವನ್ನೂ ಅನಿಲವನ್ನೂ ಬಿಡುತ್ತದೆ. ದೋಸೆಹಿಟ್ಟು ಹುದುಗುವುದಕ್ಕೆ ಹತ್ತಿರದ ಬಂಧು ಇದು. ಮದ್ಯಸಾರ ನೂರಕ್ಕೆ ಹದಿನಾಲ್ಕು ಹದಿನೈದು ಭಾಗಕ್ಕೆ ಏರುವಷ್ಟರಲ್ಲಿ ಸಾಮಾನ್ಯ ಯೀಸ್ಟ್ ತಾನು ಮಾಡಿದ್ದರಲ್ಲೇ ತಾನು ಮಡಿಯುತ್ತದೆ. ಆದ್ದರಿಂದ ವೈನು ಅಲ್ಲಿಗೇ ನಿಲ್ಲುತ್ತದೆ. ಈಚಲು ಮರದಿಂದಿಳಿಸುವ ಹೆಂಡವೂ ಹುದುಗಿದ ಪಾನೀಯವೇ. ಹುದುಗಿದ್ದನ್ನು ಕಾಯಿಸಿ, ನೀರಿಗಿಂತ ಮೊದಲೇ 78 ಡಿಗ್ರಿಯಲ್ಲಿ ಕುದಿಯುವ ಮದ್ಯಸಾರದ ಆವಿಯನ್ನು ಹಿಡಿದು ತಣಿಸಿದರೆ ಭಟ್ಟಿಯಿಳಿಸಿದ ಮದ್ಯ. ವೈನಿನಿಂದ ಇಳಿಸಿದ್ದು ಬ್ರಾಂದಿ, ಬಾರ್ಲಿ ಮೊಳಕೆಯಿಂದಾದದ್ದು ಮಾಲ್ಟ್ ವಿಸ್ಕಿ, ಕಬ್ಬಿನ ಕಾಕಂಬಿಯಿಂದಾದದ್ದು ರಮ್. ಸಾರಾಯಿ ಈ ಭಟ್ಟಿಯ ಕುಲಕ್ಕೆ ಸೇರಿದ್ದು.

ವೈನು ಪರದೇಶದವರು ತಂದ ಚಟ ಎಂಬ ಮಾತೂ ಪೂರ್ಣ ಸತ್ಯವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ರಾಕ್ಷಿಯ ಮದ್ಯಕ್ಕೆ ಮಧು ಎಂಬ ಹೆಸರಿದೆ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಮನೆಯ ಮಧುಪಾನದ ವಿನೋದವೂ ವರ್ಣಿತವಾಗಿದೆ. ಇನ್ನು ನಂದಿಯ ತಪ್ಪಲಿನಲ್ಲಿ ಕನ್ವಲ್ ಗ್ರೋವರ್ ಅವರು 1980ರ ದಶಕದಲ್ಲಿ ಫ್ರಾನ್ಸ್ ದೇಶದ ತಳಿಗಳನ್ನು ತಂದು ಬೆಳೆಸಲು ತೊಡಗಿದಾಗ ನಮ್ಮ ಕಡೆಯ ರೈತರಿಗೆ ಅದು ಸೋಜಿಗವಾಗಿತ್ತು. ಚಪ್ಪರವಿಲ್ಲದೆ ಬೇಲಿಯಂತೆ ಸಾಲಾಗಿ ನಿಲ್ಲಿಸಿದ ಬಳ್ಳಿ, ಮೂಗುತಿ ಮುತ್ತಿನಷ್ಟು ಸಣ್ಣ ಕಾಯಿ! “ಇದನ್ಯಾರು ತಿಂತಾರೆ?” ಎಂದು ನಮ್ಮ ಸೋದರಮಾವ ಕೇಳಿದ್ದರು. ತಿನ್ನುವ ದ್ರಾಕ್ಷಿ ಬೇರೆ, ಹಿಂಡುವ ದ್ರಾಕ್ಷಿ ಬೇರೆ ಎಂಬುದು ನಮಗೆ ಅರಿವಾದದ್ದು ಆಗ.

ಎರಡನೆಯದು ಬಡಿಸುವ ರೀತಿ. ಇದರಲ್ಲಿ ಬೆಡಗು ಸ್ವಲ್ಪ, ವಿಜ್ಞಾನ ಹೆಚ್ಚು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕೆಂಬ ನಿಯಮ ಹುಟ್ಟಿದ್ದು ಯೂರೋಪಿನ ಚಳಿಮನೆಗಳಲ್ಲಿ. ಅಲ್ಲಿಯ ಕೋಣೆಯೆಂದರೆ 16ರಿಂದ 18 ಡಿಗ್ರಿ. ನಮ್ಮ ಮಾರ್ಚ್ ತಿಂಗಳ ಕೋಣೆಯಲ್ಲಿ ಅದನ್ನು ಹಾಗೆಯೇ ಕೊಟ್ಟರೆ ಮದ್ಯಸಾರದ ಘಾಟು ಮೂಗಿಗೆ ಬಡಿಯುತ್ತದೆ. ಆದ್ದರಿಂದ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯುವುದು ಲೇಸು. ಬಿಳಿಯದಕ್ಕೆ 8ರಿಂದ 12 ಡಿಗ್ರಿಯ ತಂಪು ಬೇಕು. ಬಟ್ಟಲಿಗೆ ಕಾಲಿರುವುದು ಅಂಗೈಯ ಕಾವು ತಾಗದಿರಲೆಂದು. ಮೂರನೆಯ ಒಂದು ಭಾಗ ಮಾತ್ರ ತುಂಬುವುದು ಜಿಪುಣತನದಿಂದಲ್ಲ. ಮೇಲಿನ ಖಾಲಿ ಜಾಗದಲ್ಲಿ ಪರಿಮಳ ನಿಲ್ಲಬೇಕು. ರುಚಿಯೆಂದು ನಾವು ತಿಳಿಯುವುದರಲ್ಲಿ ಬಹುಪಾಲು ವಾಸನೆಯೇ. ನೆಗಡಿಯಾದಾಗ ಸಾರು ಸಪ್ಪೆಯೆನಿಸುವುದಿಲ್ಲವೇ? ತೆರೆದ ಸೀಸೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಬಂದೀತು. ಆಮೇಲೆ ಗಾಳಿ ತಾಗಿ ವಿನೆಗರಿನ ಹಾದಿ ಹಿಡಿಯುತ್ತದೆ.

ಊಟದ ಜೊತೆ ಯಾವುದು ಎಂದೂ ಕೇಳಿದ. ನಮ್ಮ ಖಾರದ ಸಾರಿಗೆ ಒಗರಾದ ಕೆಂಪು ವೈನು ಸೇರುವುದಿಲ್ಲ. ಮದ್ಯಸಾರ ಖಾರವನ್ನು ಇನ್ನಷ್ಟು ಕೆರಳಿಸುತ್ತದೆ. ತಣ್ಣಗಿನ, ತುಸು ಸಿಹಿಯಾದ ಬಿಳಿಯದು ಹೊಂದುತ್ತದೆಯಂತೆ. ವಿಸ್ಕಿಗೆ ನೀರು ಬೆರೆಸುವುದು ಅಪಚಾರವೇನಲ್ಲ. ಕೆಲವು ಹನಿ ನೀರು ಪರಿಮಳವನ್ನು ಬಿಡಿಸುತ್ತದೆ. ಪ್ರಸಂಗವಶಾತ್ ಹೇಳುತ್ತೇನೆ: ನಮ್ಮ ಬೆಂಗಳೂರಿನ ಅಮೃತ್ ಸಂಸ್ಥೆಯವರು 2004ರಲ್ಲಿ ತಮ್ಮ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ! ಅಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎರಡು ಭಾಗ ಆವಿಯಾದರೆ, ನಮ್ಮ ಹವೆಯಲ್ಲಿ ಹತ್ತು ಭಾಗಕ್ಕೂ ಮಿಗಿಲಾಗಿ ಆವಿಯಾಗುತ್ತದೆ. ಹಾಗಾಗಿ ಇಲ್ಲಿ ವಿಸ್ಕಿ ಬೇಗ ಪಕ್ವವಾಗುತ್ತದೆ, ಬೇಗ ಕರಗಿಯೂ ಹೋಗುತ್ತದೆ.

ನನ್ನ ಸ್ವಂತ ಅನುಭವ ಒಂದೇ. ಆರ್.ಟಿ. ನಗರದಲ್ಲಿದ್ದ ಕ್ರೈಸ್ತ ಸಹೋದ್ಯೋಗಿಯೊಬ್ಬರು ಕ್ರಿಸ್‌ಮಸ್‌ಗೆಂದು ಇದೇ ನೀಲಿ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ ಲವಂಗ ಹಾಕಿ ಉಪ್ಪಿನಕಾಯಿ ಭರಣಿಯಲ್ಲಿ ವೈನು ಕೂಡಿಡುತ್ತಿದ್ದರು. ಪ್ರತಿದಿನ ಮರದ ಸೌಟಿನಲ್ಲಿ ಕದಡಬೇಕು. ಅವರ ಮನೆಯಲ್ಲಿ ಕೇಕಿನೊಡನೆ ಬೆರಳುದ್ದದ ಬಟ್ಟಲಲ್ಲಿ ಕೊಟ್ಟದ್ದನ್ನು ಬೇಡವೆನ್ನಲಾರದೆ ಕುಡಿದೆ. ನಾಲಿಗೆಗೆ ತಾಗಿದ ಕ್ಷಣ ಸೋದರಮಾವನ ಚಪ್ಪರ ಕಣ್ಣಮುಂದೆ ಬಂದು ನಿಂತಿತು.

ಮೂರನೆಯ ಪ್ರಶ್ನೆಗೆ ಕಾಗದ ಪೆನ್ನು ತರಿಸಿ ಲೆಕ್ಕವನ್ನೇ ಹಾಕಿಸಿದೆ. ನಮ್ಮ ವಿಸ್ಕಿ ಸೀಸೆಯ ಮೇಲೆ 42.8 ಎಂದಿರುತ್ತದೆ. ಈ ವಿಚಿತ್ರ ಅಂಕಿ ಬ್ರಿಟಿಷರ ಹಳೆಯ ‘ಪ್ರೂಫ್’ ಅಳತೆಯ ಪಳೆಯುಳಿಕೆ. 75 ಡಿಗ್ರಿ ಪ್ರೂಫನ್ನು ನಾಲ್ಕರಿಂದ ಗುಣಿಸಿ ಏಳರಿಂದ ಭಾಗಿಸಿದರೆ ಬರುವುದು ಇದೇ. 30 ಮಿಲಿಲೀಟರಿನ ಒಂದು ಪೆಗ್ಗಿನಲ್ಲಿ ಶುದ್ಧ ಮದ್ಯಸಾರ ಸುಮಾರು 13 ಮಿಲಿಲೀಟರ್. ನೂರಕ್ಕೆ 13 ಭಾಗವಿರುವ ವೈನು 150 ಮಿಲಿಲೀಟರಿನಲ್ಲಿ ಸುಮಾರು 19. ಎಂದರೆ ಒಂದೂವರೆ ಪೆಗ್ಗು. ನೂರಕ್ಕೆ 8 ಭಾಗದ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಸೀಸೆಯಲ್ಲಿ 52. ನಾಲ್ಕು ಪೆಗ್ಗಿಗೆ ಸಮ! “ಬರೀ ಬಿಯರ್ ಅಲ್ವಾ” ಎನ್ನುವವರು ಈ ಲೆಕ್ಕವನ್ನು ಮನೆಯಲ್ಲಿ ಮಾಡಿ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ, ಆರೋಗ್ಯಕ್ಕೆ ನಿರಪಾಯವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ಸಾರಿತು. ಕೆಂಪು ವೈನು ಹೃದಯಕ್ಕೆ ಔಷಧ ಎಂಬ ಮಾತನ್ನು ನಂಬಿ ಯಾರೂ ಶುರು ಮಾಡಬೇಕಾಗಿಲ್ಲ. ಕುಡಿಯುವವನು ಅಳತೆ ತಿಳಿದು, ಊಟದೊಡನೆ, ನಡುವೆ ನೀರು ಕುಡಿಯುತ್ತ, ವಾಹನದ ಬೀಗದಕೈಯನ್ನು ಬೇರೆಯವರಿಗೆ ಕೊಟ್ಟು ಕುಡಿಯಲಿ. ಬೇಡವೆನ್ನುವವನನ್ನು ಒತ್ತಾಯಿಸದಿರುವುದು ಬಡಿಸುವವನ ಮೊದಲ ಮರ್ಯಾದೆ.

ಚೀಟಿ ಮಡಿಸಿಕೊಂಡು ಎದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ನನ್ನ ಮುಖ ನೋಡದೆ ಕೇಳಿದ: “ಸಾರ್, ನಮ್ಮಪ್ಪ ಕುಡಿದದ್ದೂ ಇದೇನಾ?”

1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಬಹುತೇಕರು ಕೂಲಿಯವರು, ಬಡವರು. ಯಶವಂತಪುರದಲ್ಲಿ ಮೂಟೆ ಹೊರುತ್ತಿದ್ದ ಇವನ ತಂದೆ ಅವರಲ್ಲೊಬ್ಬರು. ನನಗೆ ಆಗ ಅದು ತಿಳಿದಿರಲಿಲ್ಲ. ವಿಚಾರಿಸುವ ವ್ಯವಧಾನವೂ ಇರಲಿಲ್ಲ. ಪತ್ರಿಕೆ ಓದಿದ ಆವೇಶದಲ್ಲಿ ತರಗತಿಗೆ ಹೋಗಿ, ಕುಡುಕರ ಬಾಳು ನಾಯಿಪಾಡು, ಮಾಡಿದ್ದುಣ್ಣೋ ಮಹರಾಯ ಎಂದು ನೀತಿಪಾಠ ಬಿಗಿದೆ. ಎರಡನೆಯ ಸಾಲಿನಲ್ಲಿ ತಲೆ ಬೋಳಿಸಿಕೊಂಡು ಕುಳಿತಿದ್ದ ಹುಡುಗ ಎದ್ದು ಹೊರಗೆ ಹೋದ. ಕೇಳದೆ ಹೋದನೆಂದು ಮರುದಿನ ಬೆಂಚಿನ ಮೇಲೆ ನಿಲ್ಲಿಸಿದೆ. ಆ ಬೋಳುತಲೆಯ ಅರ್ಥ ನನಗೆ ಹೊಳೆದದ್ದು ವಾರದ ನಂತರ. ಆಗಲೂ ಕ್ಷಮೆ ಕೇಳಲಿಲ್ಲ. ಮೇಷ್ಟರುಗಳು ಕೇಳುವ ಕಾಲ ಅದಾಗಿರಲಿಲ್ಲ.

ಅವನನ್ನು ಮತ್ತೆ ಒಳಗೆ ಕರೆದು ಕೂರಿಸಿದೆ. “ಅಲ್ಲಪ್ಪಾ, ಅದು ಇದಲ್ಲ,” ಎಂದೆ. ಅಂದು ಜನರನ್ನು ಕೊಂದದ್ದು ಮೆಥನಾಲ್. ಬಣ್ಣ, ವಾರ್ನಿಷುಗಳ ಕಾರ್ಖಾನೆಗೆ ಬೇಕಾದ ದ್ರವ. ಬಣ್ಣದಲ್ಲಿ, ವಾಸನೆಯಲ್ಲಿ ಎಥನಾಲಿಗೆ ಅವಳಿ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರವನ್ನು, ಆಮೇಲೆ ಜೀವವನ್ನು ತೆಗೆಯುತ್ತದೆ. ಕುಡಿದವನು ನೋಡಿ ಗುರುತಿಸಲಾರ. “ನಿಮ್ಮಪ್ಪ ದಣಿವಿಗೆ ಅಗ್ಗದ್ದನ್ನು ಕುಡಿದರು. ಅದರಲ್ಲಿ ವಿಷ ಬೆರೆಸಿದವರು ಬೇರೆಯವರು. ಅವತ್ತು ನಾನು ನಿಮ್ಮಪ್ಪನನ್ನು ಬೈದೆ, ನಿನ್ನನ್ನು ಬೆಂಚು ಹತ್ತಿಸಿದೆ. ಎರಡೂ ತಪ್ಪು. ನಲವತ್ತು ವರ್ಷಕ್ಕೂ ಮಿಕ್ಕಿ ತಡವಾಗಿ ಹೇಳುತ್ತಿದ್ದೇನೆ.”

ಅವನು ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ಮನೆಯವಳು ಎರಡನೆಯ ಬಾರಿ ಕಾಫಿ ತಂದಿಟ್ಟಳು. ಆಮೇಲೆ, “ನಮ್ಮಮ್ಮ ಸಾಯೋತನಕ ಅದೇ ಕೇಳ್ತಿದ್ಲು ಸಾರ್, ಅದರಲ್ಲಿ ಏನಿತ್ತು ಅಂತ,” ಎಂದ.

2007ರಲ್ಲಿ ನಮ್ಮ ಸರ್ಕಾರ ಎರಡು ಕೆಲಸ ಮಾಡಿತು. ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಅದೇ ವರ್ಷ ದ್ರಾಕ್ಷಿ ಬೆಳೆಗಾರರಿಗೆ ನೆರವಾಗಲೆಂದು ವೈನ್ ನೀತಿಯನ್ನೂ ತಂದಿತು. ಬಡವನ ಲೋಟ ಕಸಿದು ಸಿರಿವಂತನ ಬಟ್ಟಲು ತುಂಬಿದರು ಎಂದು ಹಂಗಿಸಿದವರುಂಟು. ಸಾರಾಯಿ ನಿಂತದ್ದರಿಂದ ಎಷ್ಟೋ ಹೆಣ್ಣುಮಕ್ಕಳು ನಿಟ್ಟುಸಿರುಬಿಟ್ಟದ್ದೂ, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂದು ಕೂತದ್ದೂ ಎರಡೂ ನಿಜವೇ. ಚರಿತ್ರೆಯ ಮೇಷ್ಟರಾಗಿ ನನಗೆ ಕಂಡದ್ದಿಷ್ಟು: ಒಂದೇ ವಸ್ತುವನ್ನು ಯಾರು ಕುಡಿಯುತ್ತಾರೆಂಬುದರ ಮೇಲೆ ನಾವು ಅದಕ್ಕೆ ಚಟವೆಂದೋ ಸಂಸ್ಕೃತಿಯೆಂದೋ ಹೆಸರಿಡುತ್ತೇವೆ.

2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ಭೂಮಿಯ ಬೆಲೆ ಗಗನಕ್ಕೇರಿತು. ಸೋದರಮಾವನ ತೋಟ ಈಗ ಬಡಾವಣೆ. ಚಪ್ಪರ ಹೊತ್ತಿದ್ದ ಕಲ್ಲುಕಂಬಗಳಲ್ಲಿ ಕೆಲವು ಯಾರದೋ ನಿವೇಶನದ ಬೇಲಿಯಾಗಿ ನಿಂತಿವೆ. ನಾನು ಆ ಕಡೆ ಹೋದಾಗಲೆಲ್ಲ ಅವನ್ನು ಮುಟ್ಟಿ ಬರುತ್ತೇನೆ.

ಹೊರಡುವಾಗ ಅವನು, “ಮಗನನ್ನ ಆ ಕೆಲಸ ಬಿಡಿಸಬೇಕಾ ಸಾರ್?” ಎಂದು ಕೇಳಿದ. ಬೇಡ ಎಂದೆ. ಬಾಟಲಿಯೊಳಗೆ ಏನಿದೆ, ಎಷ್ಟಿದೆ ಎಂದು ಕುಡಿಯುವವನಿಗೆ ಸತ್ಯ ಹೇಳುವುದೇ ಅವನ ಕೆಲಸವಾದರೆ, ಅವನ ತಾತನಿಗೆ ಯಾರೂ ಮಾಡದಿದ್ದ ಉಪಕಾರವದು. ತಾತನ ಕಥೆಯನ್ನು ಮೊದಲು ಅವನಿಗೆ ಹೇಳು ಎಂದಷ್ಟೇ ಸೇರಿಸಿದೆ. ಅವನಿಗೆ ಅದು ಇಂದಿಗೂ ಗೊತ್ತಿಲ್ಲವಂತೆ.

ಬರುವ ಭಾನುವಾರ ನನ್ನನ್ನೂ ಕರೆದಿದ್ದಾನೆ. ಹೋಗುತ್ತೇನೆ. ಕುಡಿಯುತ್ತೇನೋ ಇಲ್ಲವೋ, ಮೂಸಿಯಂತೂ ನೋಡುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಹೆಬ್ಬಾಳ, ಬಾಗಲೂರು, ದೊಡ್ಡಬಳ್ಳಾಪುರದ ಕಡೆಯ ಹಳೆಯ ದ್ರಾಕ್ಷಿ ಚಪ್ಪರಗಳ ನೆನಪಿದ್ದರೆ ಬರೆದು ತಿಳಿಸಿ. ನೆನಪಿರುವವರು ಕಡಿಮೆಯಾಗುತ್ತಿದ್ದೇವೆ.